ಯಾವ ಆಯಿಲ್ ಅಂತ ಆಮೇಲೆ ಕೇಳಿ, ಎಷ್ಟಿದೆ ಅಂತ ಮೊದ್ಲು ನೋಡಿ

ಹೋದ್ ತಿಂಗ್ಳು ಒಂದಿನ ಮಧ್ಯಾಹ್ನ ಊಟಕ್ಕೆ ಕೈ ತೊಳೀತಿದ್ದೆ, ಒಬ್ಬ ಹುಡ್ಗ ಬೈಕ್‌ನ ಗೂಡ್ಸ್ ಆಟೋದಲ್ಲಿ ಹಾಕ್ಕೊಂಡು ನನ್ ಗ್ಯಾರೇಜಿಗೆ ಬಂದ. 150 ಸಿಸಿ, ನಾಕು ವರ್ಷದ ಗಾಡಿ, ಮೈಮೇಲೆ ಒಂದು ಗೀರಿಲ್ಲ, ಟ್ಯಾಂಕಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೊಬೋದು ಹಂಗಿಟ್ಟವ್ನೆ. ಮೇಲುಕೋಟೆಗೆ ಹೊರಟಿದ್ನಂತೆ, ಜಕ್ಕನಹಳ್ಳಿ ದಾಟ್ತಿದ್ದಂಗೆ ಇಂಜಿನಲ್ಲಿ ಕಟಕಟ ಅಂತ ಶುರುವಾಗಿದೆ, ಇವ್ನು ಚೈನ್ ಲೂಸಾಗಿರ್ಬೇಕು ಅನ್ಕೊಂಡು ಹಂಗೇ ಎಳ್ದವ್ನೆ, ಬೆಟ್ಟ ಹತ್ತೋವಾಗ ಹಿಂದಿನ ಚಕ್ರ ಸರ್ರಂತ ಉಜ್ಕೊಂಡು ಗಾಡಿ ನಿಂತೇ ಹೋಗಿದೆ. ಬೀಳ್ದೇ ಉಳ್ಕೊಂಡಿದ್ದು ಚೆಲುವನಾರಾಯಣನ ದಯ.

"ಆಯಿಲ್ ನೋಡ್ಕೊಂಡಿದ್ಯೇನಪ್ಪ?" ಅಂದೆ. "ಅಣ್ಣ, ಆಯಿಲ್ ವಿಷ್ಯದಲ್ಲಿ ಮಾತೇ ಇಲ್ಲ ಕಣಣ್ಣ. ಫುಲ್ ಸಿಂಥೆಟಿಕ್. ಒಂದ್ ತಿಂಗ್ಳು ವಿಡಿಯೋ ನೋಡಿ ತರ್ಸಿದ್ದು" ಅಂತ ಫೋನ್ ತೆಗ್ದು ಬಿಲ್ ಬೇರೆ ತೋರ್ಸಿದ. ಡ್ರೈನ್ ನಟ್ ಬಿಚ್ಚಿ ಕೆಳಗೆ ಟ್ರೇ ಇಟ್ಟೆ. ಒಂದು ಲೀಟರ್ ಹಿಡಿಯೋ ಇಂಜಿನಿಂದ ಬಿದ್ದಿದ್ದು ಹೋಟ್ಲಲ್ಲಿ ಬೈಟೂ ಕಾಫಿ ಕೊಡ್ತಾರಲ್ಲ, ಆ ಎರಡು ಲೋಟದಷ್ಟು. ಅಳತೆ ಜಗ್ಗಿಗೆ ಬಗ್ಗಿಸಿ ಅವ್ನ ಮುಂದೇನೇ ಹಿಡ್ದೆ, 180 ಎಂಎಲ್. ಹೆಡ್ ಬಿಚ್ಚಿ ಬೋರ್ ಒಳಗೆ, ಅಂದ್ರೆ ಪಿಸ್ಟನ್ ಓಡಾಡೋ ಕೊಳವೆ ಒಳಗೆ, ಬೆರಳಾಡ್ಸಿದ್ರೆ ಉಗುರಿಗೆ ಸಿಕ್ಕೋ ಹಂಗೆ ಉದ್ದುದ್ದ ಗೆರೆ ಬಿದ್ದಿತ್ತು, ಪಿಸ್ಟನ್ ಪಕ್ಕದ ಅಲ್ಯೂಮಿನಿಯಂ ಕರಗಿ ಮೆತ್ಕೊಂಡಿತ್ತು, ಕನೆಕ್ಟಿಂಗ್ ರಾಡ್ ಹಿಡ್ದು ಅಲ್ಲಾಡ್ಸಿದ್ರೆ ಹಾಲು ಹಲ್ಲು ಅಲ್ಲಾಡ್ದಂಗೆ ಅಲ್ಲಾಡ್ತು. ಆ ಹುಡುಗ ಮಾತೇ ಆಡ್ಲಿಲ್ಲ, ಸುಮ್ನೆ ಜಗ್ಗನ್ನೇ ನೋಡ್ತಾ ನಿಂತಿದ್ದ.

ನಾನು ಈ ಕೆಲ್ಸ ಹಿಡ್ದು ಇಪ್ಪತ್ತಾರು ವರ್ಷ ಆಯ್ತು. ಮದ್ವೆ ಮನೇಲಿ ಊಟಕ್ಕೆ ಕೂತ್ರೂ, ಆಸ್ಪತ್ರೇಲಿ ಯಾರ್ನೋ ನೋಡೋಕೆ ಹೋದ್ರೂ, ಪಕ್ಕದಲ್ಲಿ ಕೂತೋರು ಕೇಳೋದು ಒಂದೇ, "ಯಾವ್ ಆಯಿಲ್ ಬೆಸ್ಟು?" ಯಾವ್ ಕಂಪ್ನಿ, ಮಿನರಲ್ಲಾ ಸೆಮಿ ಸಿಂಥೆಟಿಕ್ಕಾ, ರೇಸಿಂಗ್‌ಗೆ ಹಾಕೋದು ಹಾಕ್ಬೋದಾ ಅಂತ ಕೇಳ್ತಾರೆ. ಆದ್ರೆ ಇಷ್ಟ್ ವರ್ಷದಲ್ಲಿ "ಆಯಿಲ್ ಎಷ್ಟಿದೆ ಅಂತ ಹೆಂಗ್ ನೋಡೋದು ಅಣ್ಣ" ಅಂತ ತಾವಾಗೇ ಕೇಳಿದೋರ್ನ ಲೆಕ್ಕ ಹಾಕೋಕೆ ಎರಡು ಕೈ ಬೆರಳು ಸಾಕು. ನನ್ನ ಹತ್ರ ಸೀಜ್ ಆಗಿ, ಅಂದ್ರೆ ಒಳಗೇ ಕಚ್ಕೊಂಡು ನಿಂತು, ಬರೋ ಇಂಜಿನ್‌ಗಳಲ್ಲಿ ತಪ್ಪು ಬ್ರ್ಯಾಂಡ್ ಹಾಕಿ ಹೋಗಿದ್ದು ನಂಗೆ ಒಂದೂ ನೆನಪಿಲ್ಲ. ಆಯಿಲ್ ಕಡಿಮೆ ಇದ್ದು ಹೋಗಿದ್ದು ಮಾತ್ರ ಲೆಕ್ಕಕ್ಕೇ ಸಿಗಲ್ಲ.

ಯಾವ ಆಯಿಲ್ ಅನ್ನೋದನ್ನ ಬೇಗ ಮುಗಿಸ್ಬಿಡ್ತೀನಿ. ಗಾಡಿ ಜೊತೆ ಒಂದು ಪುಸ್ತಕ ಕೊಟ್ಟಿರ್ತಾರೆ, ಸೀಟ್ ಕೆಳಗೆ ಇರತ್ತೆ, ಅದ್ರಲ್ಲಿ 10ಡಬ್ಲ್ಯೂ-30 ಅಂತಲೋ 20ಡಬ್ಲ್ಯೂ-40 ಅಂತಲೋ ಬರ್ದಿರತ್ತೆ, ಅದನ್ನೇ ಹಾಕಿ. ಮೊದಲ್ನೇ ನಂಬರ್ ಚಳೀಲಿ ಸ್ಟಾರ್ಟ್ ಮಾಡ್ದಾಗಿನ ಹರಿವಿಗೆ, ಎರಡ್ನೇದು 100 ಡಿಗ್ರಿ ಕಾದಾಗ ಎಷ್ಟು ದಪ್ಪ ಉಳ್ಕೊಳತ್ತೆ ಅನ್ನೋದಕ್ಕೆ. ನಮ್ ಮಂಡ್ಯದೋರಿಗೆ ಇದನ್ನ ಬಿಡ್ಸಿ ಹೇಳ್ಬೇಕಾಗಿಲ್ಲ, ಆಲೆಮನೇಲಿ ಕೊಪ್ಪರಿಗೆ ಒಳಗೆ ಕುದಿಯೋವಾಗ ನೀರಿನಂಗಿರೋ ಪಾಕ ಅಚ್ಚಿಗೆ ಬಿದ್ದು ಆರಿದ್ಮೇಲೆ ಏನಾಗತ್ತೆ ನೋಡಿದೀರಲ್ಲ. ಆದ್ರೂ ಕೆಲವ್ರು ಕ್ಯಾನಿಂದ ಎರಡು ಬೆರಳಿಗೆ ಬಿಟ್ಕೊಂಡು ಉಜ್ಜಿ "ತೆಳ್ಳಗದೆ ಕಣಣ್ಣ, ವಸಿ ಗಟ್ಟಿ ಇರೋದು ಹಾಕು" ಅಂತಾರೆ. ನಿಮ್ ಬೆರಳು 100 ಡಿಗ್ರಿ ಇರಲ್ಲ ಸ್ವಾಮಿ. ಹೊಸ ಇಂಜಿನ್‌ಗಳ ಸಂದು ಬಲು ಸಣ್ಣದು, ಗಟ್ಟಿ ಆಯಿಲ್ ಮೇಲಿನ ಹೆಡ್ಡಿಗೆ ಏರೋದ್ರೊಳಗೆ ಅಲ್ಲಿ ವಾಲ್ವ್ ತೆಗ್ದು ಮುಚ್ಚೋ ಕ್ಯಾಮು ಒಣಗಿದ್ ಹಂಗೇ ತಿರುಗ್ತಿರತ್ತೆ. ಇನ್ನೊಂದು, ಗೇರ್ ಬೈಕಿಗೆ ಕ್ಯಾನ್ ಹಿಂದೆ ಜಾಸೋ (ಆಯಿಲ್ ಗುಣಮಟ್ಟಕ್ಕೆ ಜಪಾನಿನೋರ ಗುರುತು) ಎಂಎ ಅಥ್ವಾ ಎಂಎ2 ಅಂತ ಇರ್ಬೇಕು, ಯಾಕಂದ್ರೆ ಅದರ ಕ್ಲಚ್ ಪ್ಲೇಟೂ ಅದೇ ಆಯಿಲಲ್ಲೇ ಮುಳುಗಿರತ್ತೆ. ಗೇರ್‌ಲೆಸ್ ಸ್ಕೂಟರಿಂದು ಎಂಬಿ, ಅದನ್ನ ಬೈಕಿಗೆ ಹಾಕಿದ್ರೆ ಕ್ಲಚ್ ಜಾರೋಕೆ ಶುರುವಾಗ್ಬೋದು. ಕಾರಿಗೆ ತಂದು ಮಿಕ್ಕಿದ್ದನ್ನ ಬೈಕಿಗೆ ಸುರಿಯೋರಿಗೂ ಇದೇ ಮಾತು. ಆಯಿಲ್ ಆರಿಸೋ ಕಥೆ ಇಷ್ಟೇ.

ಈಗ ನನ್ ಹೊಟ್ಟೆ ಉರಿಯೋ ವಿಷ್ಯಕ್ಕೆ ಬರ್ತೀನಿ. ಫೋರ್ ಸ್ಟ್ರೋಕ್ ಇಂಜಿನ್, ಅಂದ್ರೆ ಈಗಿನ ಪೆಟ್ರೋಲ್ ಬೈಕು ಸ್ಕೂಟರಲ್ಲಿರೋದು, ಎಷ್ಟೇ ಚೆನ್ನಾಗಿರ್ಲಿ ವಸಿ ವಸಿ ಆಯಿಲ್ ತಿಂದೇ ತಿನ್ನತ್ತೆ. ಬೋರ್ ಗೋಡೆಗೆ ಅಂಟ್ಕೊಂಡಿರೋ ಪೊರೇಲಿ ಒಂಚೂರು ಮೇಲೆ ಸುಟ್ಟೋಗತ್ತೆ, ವಾಲ್ವ್ ಸೀಲಿಂದ ಒಂಚೂರು ಇಳಿಯತ್ತೆ, ಎಲ್ಲೋ ಗ್ಯಾಸ್ಕೆಟ್ಟಲ್ಲಿ ಒಸರತ್ತೆ. ಹಳೇದಾದಷ್ಟೂ ಜಾಸ್ತಿ, ಜೋರಾಗಿ ಓಡ್ಸಿದಷ್ಟೂ ಜಾಸ್ತಿ. ಲೆಕ್ಕಕ್ಕೆ ಹೇಳ್ತೀನಿ, ನಿಮ್ ಗಾಡಿ 1000 ಕಿಲೋಮೀಟರಿಗೆ 100 ಎಂಎಲ್ ತಿನ್ನತ್ತೆ ಅನ್ಕೊಳಿ. 3000ಕ್ಕೆ ಬದಲಾಯ್ಸೋನ ಇಂಜಿನಲ್ಲಿ ಲೀಟರಿಗೆ 700 ಉಳಿದಿರತ್ತೆ, ಹೆಂಗೋ ಬದ್ಕೊಳತ್ತೆ. ಸಿಂಥೆಟಿಕ್ ಹಾಕಿದೀನಿ ಅಂತ 8000ಕ್ಕೆ ಎಳೆಯೋನ ಇಂಜಿನಲ್ಲಿ 200. ಮೇಲುಕೋಟೆ ಹುಡುಗಂದು ಹೆಚ್ಚುಕಮ್ಮಿ ಇದೇ ಲೆಕ್ಕ. ಆಯಿಲ್ ಕೆಟ್ಟಿರ್ಲಿಲ್ಲ, ಒಳ್ಳೇ ಮಾಲೇ ಅದು, ಇರ್ಲೇ ಇಲ್ಲ ಅಷ್ಟೆ. ಉಳಿದ ಸ್ವಲ್ಪಾನೇ ಮತ್ತೆ ಮತ್ತೆ ಸುತ್ತಿ ಸುತ್ತಿ ಕಾಯತ್ತೆ, ಕೊಳೆ ಎಲ್ಲಾ ಅದ್ರಲ್ಲೇ ಸೇರತ್ತೆ, ಬೆಟ್ಟ ಹತ್ತೋವಾಗ ಚೇಂಬರಲ್ಲಿ ಇರೋದೂ ಒಂದು ಕಡೆಗೆ ವಾಲಿ ಪಂಪು ಆಯಿಲ್ ಬದ್ಲು ಗಾಳಿ ಎಳೆಯತ್ತೆ. ಒಣಗಿದ ಬೋರ್‌ವೆಲ್‌ಗೆ ಮೋಟ್ರು ಹಾಕ್ದಂಗೆ. ಮೋಟ್ರು ಎಷ್ಟು ಒಳ್ಳೇ ಕಂಪ್ನಿದು ಅಂತ ಯಾರಾದ್ರೂ ಕೇಳ್ತಾರಾ?

ಇದು ನಮ್ ಜನಕ್ಕೆ ಯಾಕೆ ಹೊಳೆಯಲ್ಲ ಅಂತ ನಂಗೊಂದು ಅನುಮಾನ ಇದೆ. ನಾನು ಕೆಲ್ಸ ಕಲ್ತಿದ್ದು ಮೈಸೂರಲ್ಲಿ, ಯೆಜ್ಡಿಗಳ ಮೇಲೆ. ಯಾದವಗಿರಿ ಐಡಿಯಲ್ ಜಾವಾ ಫ್ಯಾಕ್ಟ್ರೀಲಿ 1961ರಿಂದ 1996ರವರೆಗೂ ಗಾಡಿ ಬಂದಿದ್ದು, ನಾನು ಸ್ಪ್ಯಾನರ್ ಹಿಡಿಯೋ ಹೊತ್ಗೆ ಫ್ಯಾಕ್ಟ್ರಿ ಮುಚ್ಚಿತ್ತು ಆದ್ರೆ ರೋಡ್ ತುಂಬಾ ಅವೇ ಗಾಡಿಗಳು, ಕಿಕ್ಕರೇ ಗೇರ್ ಲಿವರ್ ಕೂಡ, ಮೊದಲ ವಾರ ನನ್ ಮೊಣಕಾಲು ಅದಕ್ಕೆ ಬಲಿ. ಅವೆಲ್ಲಾ ಟೂ ಸ್ಟ್ರೋಕ್. ಪೆಟ್ರೋಲ್ ಹಾಕ್ಸೋವಾಗೆಲ್ಲಾ ಅಳತೆ ನೋಡಿ ಆಯಿಲ್ ಬೆರೆಸ್ಲೇಬೇಕು, ಬಂಕಲ್ಲೇ ಕೇಳೋರು ಎಷ್ಟು ಆಯಿಲ್ ಅಂತ. ಅಂದ್ರೆ ವಾರವಾರ ಆಯಿಲ್ ನೆನಪಾಗ್ತಿತ್ತು. ಫೋರ್ ಸ್ಟ್ರೋಕ್ ಬಂತು, ಹೊಗೆ ಹೋಯ್ತು, ಆಯಿಲ್ ಒಳಗೆಲ್ಲೋ ಮುಚ್ಕೊಂಡು ಕೂತ್ಕೊಂಡ್ತು, ಜನ ಅದನ್ನ ಮರ್ತೇ ಬಿಟ್ರು. ಸರ್ವೀಸ್‌ಗೆ ಬಿಟ್ಟಾಗ ಹಾಕೋ ಸಾಮಾನು ಅಂತ ಆಗೋಯ್ತು.

ಕಾರಿನೋರಿಗೆ ಇನ್ನೊಂದು ಭ್ರಮೆ. "ಲೈಟ್ ಬಂದಿಲ್ವಲ್ಲ?" ಆ ಕೆಂಪು ಆಯಿಲ್ ಲೈಟು ಸಾಮಾನ್ಯವಾಗಿ ತೋರ್ಸೋದು ಆಯಿಲ್ ಪ್ರೆಶರ್ನ, ಎಷ್ಟಿದೆ ಅಂತಲ್ಲ. ಓಡ್ತಾ ಇರೋವಾಗ ಅದು ಹತ್ಕೊಂಡಿತು ಅಂದ್ರೆ ಪಂಪಿಗೆ ಸರಿಯಾಗಿ ಆಯಿಲ್ ಸಿಗ್ತಿಲ್ಲ ಅಂತ, ಅಷ್ಟೊತ್ತಿಗೆ ಕಾಲ ಮೀರಿರತ್ತೆ. ಆಗ ಮುಂದಿನ ಬಂಕ್‌ವರೆಗೂ ಹೋಗ್ತೀನಿ ಅನ್ನೋಕಿಲ್ಲ, ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡ್ಲೇಬೇಕು. ಇನ್ನು ಸಾಮಾನ್ಯ ಬೈಕು ಸ್ಕೂಟರ್‌ಗಳಲ್ಲಿ ಬಹಳಷ್ಟಕ್ಕೆ ಆ ಲೈಟೂ ಇಲ್ಲ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಆದ್ಮೇಲೆ ಇದು ಜಾಸ್ತಿ ಆಗಿದೆ ಅಂತ ನಂಗೆ ಅನ್ಸತ್ತೆ. ಮೊದ್ಲು ಬೆಂಗಳೂರಿಗೆ ಹೋಗೋನು ಮದ್ದೂರಲ್ಲಿ ವಡೆಗೆ ನಿಂತು, ಚನ್ನಪಟ್ಟಣದಲ್ಲಿ ಟ್ರಾಫಿಕ್ಕಲ್ಲಿ ನಿಂತು ಹೋಗೋನು, ಈಗ ಹದಿನೈದು ವರ್ಷದ ಹಳೇ ಕಾರ್ನೂ ಒಂದೇ ಸಮ ನೂರರಲ್ಲಿ ಎಳೀತಾನೆ. ಊರೊಳಗೆ ಆಯಿಲ್ ತಿನ್ನದೇ ಇದ್ದ ಇಂಜಿನ್ನು ಅಲ್ಲಿ ತಿನ್ನತ್ತೆ. 2023ರ ಆಗಸ್ಟಿಂದ ಬೈಕುಗಳಿಗೆ ಅಲ್ಲಿ ಪ್ರವೇಶ ಇಲ್ಲ, ಸರ್ವೀಸ್ ರೋಡೇ ಗತಿ. ಅದಕ್ಕೆ ಬೈಕಿನೋರು ನಂಗೆ ಬಯ್ಕೊಂಡು ಹೇಳ್ತಾರೆ, ಇಂಜಿನ್ ದೃಷ್ಟೀಲಿ ಒಳ್ಳೇದೇ ಆಯ್ತು ಬಿಡ್ರಪ್ಪ ಅಂತೀನಿ, ಇನ್ನಷ್ಟು ಬಯ್ತಾರೆ.

ನೋಡೋದು ಹೆಂಗೆ ಅಂತ ಹೇಳ್ಬಿಡ್ತೀನಿ, ಇದನ್ನೂ ತಪ್ಪು ಮಾಡ್ತಾರೆ. ಬೈಕ್ ಸೈಡ್ ಸ್ಟ್ಯಾಂಡಲ್ಲಿದ್ರೆ ಆಯಿಲ್ ಎಡಕ್ಕೆ ವಾಲಿರತ್ತೆ, ಗೇಜು, ಅಂದ್ರೆ ಆಯಿಲ್ ಅಳೆಯೋ ಕಡ್ಡಿ, ಸುಳ್ಳು ಹೇಳತ್ತೆ. ಮಟ್ಟ ಇರೋ ಜಾಗದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಅದಿಲ್ಲಾಂದ್ರೆ ಒಬ್ರು ನೆಟ್ಟಗೆ ಹಿಡ್ಕೊಳ್ಳಿ. ಮೂರ್ನಾಕು ನಿಮಿಷ ಇಂಜಿನ್ ಓಡ್ಸಿ, ಆಫ್ ಮಾಡಿ, ಎರಡ್ಮೂರು ನಿಮಿಷ ಕಾಯಿರಿ, ಮೇಲಿದ್ದಿದ್ದು ಇಳೀಬೇಕಲ್ಲ. ಗೇಜ್ ತಿರುಪಿ ತೆಗೀರಿ, ಬಟ್ಟೇಲಿ ಒರಸಿ, ಮತ್ತೆ ಒಳಗಿಟ್ಟು ತೆಗ್ದು ನೋಡಿ. ಎರಡ್ನೇ ಸಲ ಇಡೋವಾಗ ಬಹಳಷ್ಟು ಬೈಕಲ್ಲಿ ತಿರುಪ್ಬಾರ್ದು, ಸುಮ್ನೆ ಕೂರಿಸ್ಬೇಕು, ಕೆಲವಕ್ಕೆ ಬೇರೆ ಥರ ಇರತ್ತೆ, ಅದಕ್ಕೂ ಪುಸ್ತಕಾನೇ ನೋಡ್ಬೇಕು. ಎರಡು ಗೆರೆ ಇರತ್ತೆ, ಮಧ್ಯದಲ್ಲಿ ಆಯಿಲ್ ಇರ್ಬೇಕು. ಕೆಲವು ಬೈಕಿಗೆ ಗೇಜ್ ಬದ್ಲು ಪಕ್ಕದಲ್ಲಿ ಗಾಜಿನ ಕಣ್ಣಿರತ್ತೆ, ಅದಂತೂ ಬಗ್ಗಿ ನೋಡಿದ್ರೆ ಮುಗೀತು. ಹದಿನೈದು ದಿನಕ್ಕೊಂದ್ಸಲ ಸಾಕು.

ಕಡಿಮೆ ಅಂತ ಗೊತ್ತಾದ್ ಕೂಡ್ಲೇ ಡಬ್ಬ ಬಗ್ಗಿಸ್ಬೇಡಿ ಮತ್ತೆ. ಮೇಲಿನ ಗೆರೆ ದಾಟಿದ್ರೆ ಅದೂ ತೊಂದ್ರೇನೇ, ಇಂಜಿನ್ ತಳದಲ್ಲಿ ತಿರುಗೋ ಕ್ರ್ಯಾಂಕು ಆಯಿಲ್ನ ಮಜ್ಜಿಗೆ ಕಡ್ದಂಗೆ ಕಡ್ದು ನೊರೆ ಮಾಡತ್ತೆ, ನೊರೆಗೆ ತಾಕತ್ತಿರಲ್ಲ, ಏರ್ ಫಿಲ್ಟರ್ ಕಡೆಗೂ ಉಕ್ಕತ್ತೆ. ಐವತ್ತೈವತ್ತು ಎಂಎಲ್ ಹಾಕಿ ನೋಡ್ತಾ ಬನ್ನಿ. ಮತ್ತೆ "ಬೇರೆ ಕಂಪ್ನಿದು ಮಿಕ್ಸ್ ಆದ್ರೆ ಇಂಜಿನ್ ಹೋಯ್ತದಂತೆ" ಅನ್ನೋ ಭಯ. ಆ ಹುಡುಗಂಗೂ ಹಿಂದಿನ ವಾರಾನೇ ಸೌಂಡಲ್ಲಿ ಅನುಮಾನ ಬಂದಿತ್ತಂತೆ, ಪಾಂಡವಪುರದ ಅಂಗ್ಡೀಲಿ ಅವ್ನ ಬ್ರ್ಯಾಂಡ್ ಸಿಗ್ಲಿಲ್ಲ ಅಂತ ಬೇರೇದು ಹಾಕ್ದೇ ಬಂದವ್ನೆ. ತಲೆ ಚಚ್ಕೊಂಡೆ. ಅದೇ ಗ್ರೇಡು, ಅದೇ ಜಾಸೋ ಇದ್ರೆ ಒಂದ್ನೂರು ಎಂಎಲ್ ಬೇರೆ ಕಂಪ್ನಿದು ಸೇರಿದ್ರೆ ಏನೂ ಆಗಲ್ಲ. ದಿನಾ ಮಾಡಿ ಅಂತಿಲ್ಲ, ಆದ್ರೆ ಖಾಲಿ ಓಡ್ಸೋದಕ್ಕಿಂತ ಯಾವ್ದಾದ್ರೂ ಮೇಲು.

ಎಷ್ಟ್ ದಿನಕ್ಕೆ ಬದಲಾಯಿಸ್ಬೇಕು? ಕಪ್ಪಾಯ್ತು ಅಂತ ಬದಲಾಯ್ಸೋರಿದಾರೆ. ಒಳಗಿನ ಮಸಿ ತೊಳೆಯೋ ಕೆಲ್ಸಾನೂ ಆಯಿಲಿಂದೇ, ಅದಕ್ಕೆ ಕಪ್ಪಾಗತ್ತೆ. ಡೀಸೆಲ್ ಗಾಡೀಲಂತೂ ಹಾಕಿದ ಒಂದೆರಡು ದಿನಕ್ಕೇ ಕಪ್ಪು. ಹುಳಿಸಾರು ಬಣ್ಣ ನೋಡಿ ಉಪ್ಪು ಹೇಳೋಕಾಗತ್ತಾ? ಬೈಕಿಗೆ ನಾನು ಸಾಮಾನ್ಯವಾಗಿ 3000 ಅಂತೀನಿ, ಪುಸ್ತಕದಲ್ಲಿ ಜಾಸ್ತಿ ಇರ್ಬೋದು, ನಮ್ ಧೂಳು, ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಒಂದ್ನೇ ಗೇರಲ್ಲಿ ತೆವಳೋದು ಎಲ್ಲಾ ಸೇರ್ಸಿ ನಾನು ಕಡಿಮೆ ಹೇಳ್ತೀನಿ, ಇದು ನನ್ ಅಭಿಪ್ರಾಯ. ಈಗಿನ ಪೆಟ್ರೋಲ್ ಕಾರುಗಳಿಗೆ ಬಹುತೇಕ 10,000 ಅಥ್ವಾ ಒಂದ್ ವರ್ಷ, ಯಾವ್ದು ಮೊದ್ಲೋ ಅದು. ಈ "ಒಂದ್ ವರ್ಷ" ಅನ್ನೋದನ್ನ ಯಾರೂ ಓದಲ್ಲ.

ನಮ್ಮಲ್ಲಿಗೆ ಒಬ್ರು ರಿಟೈರ್ಡ್ ಮೇಷ್ಟ್ರು ಬರ್ತಾರೆ, ಹಿಂದೆ ಯೆಜ್ಡಿ ಇತ್ತು, ಈಗ ಸ್ಕೂಟರ್. ಪ್ರತಿ ಭಾನ್ವಾರ ಗೇಜ್ ತೆಗ್ದು ಹಳೇ ಪಂಚೆ ಚೂರಲ್ಲಿ ಒರಸಿ ನೋಡಿ ಒಂಟಿಕೊಪ್ಪಲ್ ಕ್ಯಾಲೆಂಡರ್ ಮೂಲೇಲಿ ಪೆನ್ಸಿಲಲ್ಲಿ ಬರೀತಾರೆ, ಏಕಾದಶಿ ಪಕ್ಕದಲ್ಲಿ "ಆ. ಸರಿ" ಅಂತ. ವರ್ಷಕ್ಕೆ 900 ಕಿಲೋಮೀಟರ್ ಓಡಿಸಲ್ಲ, ಮನೆ, ಹಾಲಿನ ಬೂತು, ದೇವಸ್ಥಾನ. ಒಂದ್ಸಲ ಗಾಬ್ರಿಯಾಗಿ ಬಂದ್ರು, ಗೇಜ್ ತುದೀಲಿ ಹಾಲು ಜಾಸ್ತಿಯಾದ ಕಾಫಿ ಬಣ್ಣದ ನೊರೆ. ಇಂಜಿನ್ ಪೂರ್ತಿ ಕಾಯೋದ್ರೊಳಗೇ ಮನೆ ಬಂದ್ಬಿಡತ್ತೆ, ಒಳಗಿನ ತೇವ ಆವಿಯಾಗಿ ಹೋಗಲ್ಲ, ಆಯಿಲ್ ಜೊತೆ ಸೇರತ್ತೆ. ಅಷ್ಟ್ ಕಡಿಮೆ ಓಡಿಸೋರೇ ವರ್ಷಕ್ಕೊಮ್ಮೆ ತಪ್ಪದೇ ಬದಲಾಯಿಸ್ಬೇಕು. "ವಾರಕ್ಕೊಂದ್ಸಲ ಶ್ರೀರಂಗಪಟ್ಟಣಕ್ಕೆ ಹೋಗ್ಬನ್ನಿ ಮೇಷ್ಟ್ರೇ, ಇಂಜಿನ್ನೂ ಕಾಯತ್ತೆ, ರಂಗನಾಥನ್ನೂ ನೋಡ್ದಂಗಾಯ್ತು" ಅಂದೆ. ಈಗ ಕ್ಯಾಲೆಂಡರಲ್ಲಿ ಅದನ್ನೂ ಬರೀತಾರೆ.

ಒಂದು ಕೋರಿಕೆ ಇದೆ. ಲೀಟರ್ ಕ್ಯಾನ್ ತಂದು 800 ಹಿಡಿಯೋ ಗಾಡಿಗೆ ಹಾಕಿದ್ಮೇಲೆ 200 ಎಂಎಲ್ ಉಳಿಯತ್ತಲ್ಲ, "ನೀವೇ ಇಟ್ಕೊಳಿ ಅಣ್ಣ, ಮನೇಲ್ ಹೆಂಡ್ತಿ ಬಯ್ತಾಳೆ" ಅಂತ ಬಿಟ್ಟೋಗ್ತೀರಿ. ಆಮೇಲೆ ಟಾಪ್ ಅಪ್‌ಗೆ ಬೇಕಾಗೋದು ಅದೇ ಕಣ್ರಪ್ಪ. ಕಿತ್ತ ಹಳೇ ಆಯಿಲ್ನ ಸೆಂಟ್ರಿಂಗ್ ಶೀಟಿಗೆ ಬಳಿಯೋಕೆ ಗಾರೆಯೋರು ಕೇಳ್ಕೊಂಡು ಬರ್ತಾರೆ, ಖಾಲಿ ಕ್ಯಾನ್‌ಗಳನ್ನ ಡುಪ್ಲಿಕೇಟ್ ತುಂಬೋರ ಕೈಗೆ ಸಿಗಬಾರ್ದು ಅಂತ ನಾನೇ ತೂತು ಹೊಡ್ದು ಗುಜರಿಗೆ ಹಾಕ್ತೀನಿ, ಆದ್ರೆ ಈ ಅರೆಬರೆ ಕ್ಯಾನುಗಳನ್ನ ಏನ್ ಮಾಡ್ಲಿ? ಕಂಪ್ರೆಸರ್ ಮೇಲಿನ ಶೆಲ್ಫಲ್ಲಿ ಮೂವತ್ತೋ ಮೂವತ್ತೈದೋ ಇವೆ, ಒಂದೊಂದ್ರ ಮೇಲೂ ಗಾಡಿ ನಂಬರ್ ಮಾರ್ಕರಲ್ಲಿ ಬರ್ದಿಟ್ಟಿದೀನಿ. ಮೇಲುಕೋಟೆ ಹುಡುಗ ತನ್ನದನ್ನ ಮೊನ್ನೆ ಬಂದು ತಗೊಂಡೋದ, ಉಳಿದೋರೂ ಬನ್ನಿ. ಮಂಗಳವಾರ ಮಾತ್ರ ಬಾಗ್ಲು ಹಾಕಿರತ್ತೆ.