ಎಂ1 ಮ್ಯಾಕ್‌ನಲ್ಲಿ ಲಿನಕ್ಸ್: ಪವರ್ ಬಟನ್ ಒತ್ತಿ ಹಿಡಿಯುವ ಹಂತದ ಟಿಪ್ಪಣಿ

ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್‌ನಲ್ಲಿ ಆಪಲ್ ಚಿಪ್‌ನ ಮ್ಯಾಕ್‌ಗಳಿಗೆಂದೇ ಸಿದ್ಧಪಡಿಸಿದ ಲಿನಕ್ಸ್ ಆದ ಫೆಡೋರಾ ಅಸಾಹಿ ರೀಮಿಕ್ಸ್ ಹಾಕಿಕೊಂಡ ಮೇಲೆ, ಮರೆತುಹೋಗುವ ಮುನ್ನ ಬರೆದಿಡುತ್ತಿರುವ ಟಿಪ್ಪಣಿ ಇದು. ಬ್ಯಾಕಪ್, ಪಾರ್ಟಿಷನ್, ಟರ್ಮಿನಲ್ ಇವುಗಳ ಪರಿಚಯ ಓದುವವರಿಗೆ ಇದೆ ಎಂದುಕೊಂಡು ಮುಂದುವರಿಯುತ್ತೇನೆ.

ಪಿಸಿಯಲ್ಲಿ ಲಿನಕ್ಸ್ ಹಾಕಿ ಅಭ್ಯಾಸವಿರುವವರು ಮೊದಲು ಪೆನ್‌ಡ್ರೈವನ್ನು ಮರೆಯಬೇಕು. ಯಂತ್ರ ಆನ್ ಆದಾಗ ಕಾರ್ಯಾಚರಣಾ ವ್ಯವಸ್ಥೆಯನ್ನು ಎಬ್ಬಿಸುವ ಬೂಟ್ ಲೋಡರ್ ಆದ ಐಬೂಟ್ ಒಳಗಿನ ಎಸ್‌ಎಸ್‌ಡಿಯನ್ನು ಮಾತ್ರ ಓದುತ್ತದೆ, ಯುಎಸ್‌ಬಿಯನ್ನು ಓದುವುದಿಲ್ಲ. ಆದ್ದರಿಂದ ಇನ್‌ಸ್ಟಾಲರ್ ಅನ್ನು ಮ್ಯಾಕ್‌ಒಎಸ್‌ನ ಟರ್ಮಿನಲ್‌ನಿಂದಲೇ ಓಡಿಸಬೇಕು. ಅದು ಮ್ಯಾಕ್‌ಒಎಸ್‌ನ ಜಾಗವನ್ನು ಕುಗ್ಗಿಸಿ, ಲಿನಕ್ಸ್‌ಗೆ ಬೇಕಾದ ಪಾರ್ಟಿಷನ್‌ಗಳನ್ನು ಮಾಡಿ, ವೈಫೈ ಚಿಪ್ ಓಡಲು ಬೇಕಾದ ತಂತ್ರಾಂಶವನ್ನು (ಫರ್ಮ್‌ವೇರ್) ಆಪಲ್‌ನ ಕಡತಗಳಿಂದ ಎತ್ತಿಕೊಂಡು ಬೂಟ್‌ಗೆ ಬೇಕಾದ ಕಡತಗಳಿರುವ ಇಎಫ್‌ಐ ಪಾರ್ಟಿಷನ್‌ನಲ್ಲಿ ಇಡುತ್ತದೆ. ಇಲ್ಲಿಯವರೆಗೆ ಕಷ್ಟವೇನೂ ಇಲ್ಲ.

ನಾನು ಎಡವಿದ್ದು ಮುಂದಿನ ಹಂತದಲ್ಲಿ. ಯಂತ್ರವನ್ನು ಪೂರ್ತಿ ಆಫ್ ಮಾಡಿ, 25 ಸೆಕೆಂಡು ಕಾದು, ಪವರ್ ಬಟನ್ ಅನ್ನು ಒಂದೇ ಸಲ ಒತ್ತಿ ಹಿಡಿದುಕೊಳ್ಳಬೇಕೆಂದು ಇನ್‌ಸ್ಟಾಲರ್ ಹೇಳುತ್ತದೆ. ಬಟನ್ ಸರಿಯಾಗಿ ತಾಗಿತೋ ಇಲ್ಲವೋ ಎಂಬ ಅನುಮಾನದಿಂದ ನಾನು ಒಮ್ಮೆ ಒತ್ತಿ ಬಿಟ್ಟು, ಮತ್ತೊಮ್ಮೆ ಒತ್ತಿ ಹಿಡಿದೆ. ಪರದೆಯ ಮೇಲೆ ರಿಕವರಿಯೇನೋ (ದುರಸ್ತಿಗೆಂದು ಆಪಲ್ ಇಟ್ಟಿರುವ ಪುಟ್ಟ ವ್ಯವಸ್ಥೆ) ಬಂತು, ಆದರೆ ಕೆಲಸ ಮುಂದೆ ಸಾಗಲಿಲ್ಲ. ಎರಡನೆಯ ಪ್ರಯತ್ನದಲ್ಲಿಯೂ ಅದೇ ತಪ್ಪು ಮಾಡಿದೆ. ನೋಡಲು ಒಂದೇ ತೆರನಾದ ಎರಡು ರಿಕವರಿಗಳು ಈ ಯಂತ್ರದಲ್ಲಿವೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಒತ್ತಿ, ಬಿಟ್ಟು, ಮತ್ತೆ ಒತ್ತಿ ಹಿಡಿದರೆ ತೆರೆಯುವುದು ಆಪತ್ತಿಗೆಂದು ಇಟ್ಟಿರುವ ಬದಲಿ ರಿಕವರಿ, ಅದಕ್ಕೆ ಭದ್ರತೆಯ ನಿಯಮಗಳನ್ನು ಬದಲಿಸುವ ಅಧಿಕಾರವಿಲ್ಲ. ಒಂದೇ ಸಲ ಒತ್ತಿ ಹಿಡಿದಾಗ ತೆರೆಯುವ ರಿಕವರಿಗೆ ಮಾತ್ರ ಆ ಅಧಿಕಾರವಿದೆ. ಇದನ್ನು 1ಟಿಆರ್ (ಒನ್ ಟ್ರೂ ರಿಕವರಿ) ಎನ್ನುತ್ತಾರೆ.

ಇಷ್ಟೊಂದು ಬಿಗಿ ಏಕೆ? ಸಹಿಯಿಲ್ಲದ ವ್ಯವಸ್ಥೆ ಬೂಟ್ ಆಗದಂತೆ ತಡೆಯುವ ಪಿಸಿಯ ಸೆಕ್ಯೂರ್ ಬೂಟ್ ವಠಾರದ ಹೆಬ್ಬಾಗಿಲಿನ ಬೀಗವಿದ್ದಂತೆ, ಅದನ್ನು ತೆಗೆದರೆ ಒಳಗಿನ ಎಲ್ಲ ಮನೆಗಳಿಗೂ ದಾರಿ ತೆರೆಯುತ್ತದೆ. ಎಂ1 ಮ್ಯಾಕ್‌ನಲ್ಲಿ ಬೀಗ ಇರುವುದು ಪ್ರತಿ ಮನೆಯ ಬಾಗಿಲಿಗೆ. ಭದ್ರತೆಯ ಮಟ್ಟ ಇಡೀ ಯಂತ್ರಕ್ಕೆ ಒಂದೇ ಅಲ್ಲ, ಅದರಲ್ಲಿರುವ ಒಂದೊಂದು ಕಾರ್ಯಾಚರಣಾ ವ್ಯವಸ್ಥೆಗೂ ಪ್ರತ್ಯೇಕವಾಗಿರುತ್ತದೆ. ಆ ಮಟ್ಟವನ್ನು ಬರೆದಿಟ್ಟಿರುವ ಕಡತದ ಹೆಸರು ಲೋಕಲ್‌ಪಾಲಿಸಿ, ಅದಕ್ಕೆ ಸಹಿ ಹಾಕುವುದು ಚಿಪ್‌ನೊಳಗಿನ ಪ್ರತ್ಯೇಕ ಭದ್ರತಾ ಘಟಕವಾದ ಸೆಕ್ಯೂರ್ ಎನ್‌ಕ್ಲೇವ್. ನಮ್ಮದೇ ಕರ್ನಲ್ (ವ್ಯವಸ್ಥೆಯ ತಿರುಳು) ಓಡಬೇಕಾದರೆ ಲಿನಕ್ಸ್‌ನ ಪಾಲಿನ ಮಟ್ಟವನ್ನು ಅತ್ಯಂತ ಸಡಿಲವಾದ ಪರ್ಮಿಸಿವ್‌ಗೆ ಇಳಿಸಬೇಕು. ಪಕ್ಕದ ಮ್ಯಾಕ್‌ಒಎಸ್ ಮಾತ್ರ ಪೂರ್ಣ ಭದ್ರತೆಯಲ್ಲಿಯೇ ಉಳಿಯುತ್ತದೆ. ಕಳ್ಳ ತಂತ್ರಾಂಶವೊಂದು ಇದೇ ಕೆಲಸವನ್ನು ಗುಟ್ಟಾಗಿ ಮಾಡಿಬಿಡಬಾರದಲ್ಲವೆ? ಅದಕ್ಕಾಗಿಯೇ ಮನುಷ್ಯನ ಬೆರಳು ಬಟನ್ ಮೇಲೆ ಇದೆ ಎಂಬುದಕ್ಕೆ ಯಂತ್ರಾಂಶದಿಂದಲೇ ಸಾಕ್ಷಿ ಬೇಕು. ಬೆರಳಿನ ಕೆಲಸವನ್ನು ತಂತ್ರಾಂಶ ನಟಿಸಿ ತೋರಿಸಲಾರದು.

ಇದು ಅರ್ಥವಾದ ಮೇಲೆ ಇನ್ನೊಂದು ಒಗಟೂ ಬಿಡಿಸಿಕೊಂಡಿತು. ಲಿನಕ್ಸ್ ಹಾಕುವಾಗ ಸುಮಾರು 2.5 ಜಿಬಿಯ ಒಂದು ಪುಟ್ಟ ಆಪಲ್ ಪಾರ್ಟಿಷನ್ ಏಕೆ ಹುಟ್ಟುತ್ತದೆ ಎಂದು ಮೊದಲಿನಿಂದಲೂ ತಲೆ ಕೆಡಿಸಿಕೊಂಡಿದ್ದೆ. ಪ್ರತಿಯೊಂದು ವ್ಯವಸ್ಥೆಗೂ ತನ್ನದೇ ಲೋಕಲ್‌ಪಾಲಿಸಿ ಬೇಕು, ಆ ಪಾಲಿಸಿಯನ್ನು ಬದಲಿಸಲು ಅದರದೇ ಜೋಡಿ ರಿಕವರಿ ಬೇಕು. ಲಿನಕ್ಸ್‌ಗೆ ಅಂಥದ್ದು ಸ್ವಂತದ್ದಿಲ್ಲವಾದ್ದರಿಂದ ಇನ್‌ಸ್ಟಾಲರ್ ಮ್ಯಾಕ್‌ಒಎಸ್‌ನ ಬರಿಯ ಚೌಕಟ್ಟೊಂದನ್ನು ನಿಲ್ಲಿಸಿ, ಅದರೊಳಗೆ ರಿಕವರಿಯನ್ನು ಇಡುತ್ತದೆ. ಜಾಗ ವ್ಯರ್ಥವಾಯಿತೆಂದು ಅದನ್ನು ಅಳಿಸಿದರೆ ಲಿನಕ್ಸ್ ಬೂಟ್ ಆಗುವುದಿಲ್ಲ.

ಮೂರನೆಯ ಸಲ ಉಸಿರು ಬಿಗಿಹಿಡಿದು ಒಂದೇ ಸಲ ಒತ್ತಿ ಹಿಡಿದೆ. ‘ಲೋಡಿಂಗ್ ಸ್ಟಾರ್ಟಪ್ ಆಪ್ಷನ್ಸ್’ ಎಂಬ ಸಾಲು ಮೂಡಿದ ಮೇಲೆ ಬೆರಳು ತೆಗೆದು, ಪಟ್ಟಿಯಲ್ಲಿ ಲಿನಕ್ಸ್‌ನ ಹೆಸರನ್ನು ಆರಿಸಿದೆ. ಆಗ ಯಾವ ವಾಲ್ಯೂಮ್ ಅನ್ನು ರಿಕವರ್ ಮಾಡಬೇಕೆಂಬ ಪ್ರಶ್ನೆ ಬಂತು. ರಿಕವರ್ ಎಂಬ ಪದ ನೋಡಿ ಇದ್ದದ್ದೆಲ್ಲ ಅಳಿಸಿಹೋಗುತ್ತದೇನೋ ಎಂದು ಐದು ನಿಮಿಷ ಸುಮ್ಮನೆ ಕುಳಿತಿದ್ದೆ. ಅಲ್ಲಿ ಏನೂ ಅಳಿಯುವುದಿಲ್ಲ. ಮ್ಯಾಕ್‌ಒಎಸ್‌ನ ವಾಲ್ಯೂಮ್ ಅನ್ನು ಆರಿಸಿ, ಎಂದಿನ ಪಾಸ್‌ವರ್ಡ್ ಕೊಟ್ಟರೆ ಸಾಕು, ಕೇಳುತ್ತಿರುವುದು ಯಂತ್ರದ ಒಡೆಯ ಯಾರೆಂಬುದನ್ನು ಮಾತ್ರ.

ನಂತರದ ಬೂಟ್ ಸರಪಳಿ ಸರಳ. ಐಬೂಟ್ ಎಂ1ಎನ್1 ಎಂಬ ಪುಟ್ಟ ಪ್ರೋಗ್ರಾಮನ್ನು ಮ್ಯಾಕ್‌ಒಎಸ್ ಕರ್ನಲ್ ಎಂದೇ ಭಾವಿಸಿ ಲೋಡ್ ಮಾಡುತ್ತದೆ. ಎಂ1ಎನ್1 ಯುಬೂಟ್ ಎಂಬ ಇನ್ನೊಂದು ಬೂಟ್ ಲೋಡರನ್ನು ಎಬ್ಬಿಸುತ್ತದೆ, ಯುಬೂಟ್ ಪಿಸಿಯಲ್ಲಿರುವಂಥ ಯುಇಎಫ್‌ಐ ವಾತಾವರಣವನ್ನು ಒದಗಿಸುತ್ತದೆ, ಅಲ್ಲಿಂದಾಚೆಗೆ ನಮಗೆ ಪರಿಚಿತವಾದ ಗ್ರಬ್ (ಲಿನಕ್ಸ್‌ನ ಬೂಟ್ ಮೆನು) ಮತ್ತು ಕರ್ನಲ್.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಬರೆದಿಡುತ್ತೇನೆ. ಡಿಸ್ಕ್‌ನ ಮೊದಲ ಪಾರ್ಟಿಷನ್ ಐಬೂಟ್‌ಗೆ ಸೇರಿದ್ದು, ಕೊನೆಯದು ಯಂತ್ರದ ರಿಕವರಿಗೆ ಸೇರಿದ್ದು. ಪಿಸಿಯಲ್ಲಿ ಮಾಡುವಂತೆ ಡಿಸ್ಕನ್ನು ಪೂರ್ತಿ ಒರೆಸಿದರೆ ಯಂತ್ರವನ್ನು ಎಬ್ಬಿಸಲು ಇನ್ನೊಂದು ಕಂಪ್ಯೂಟರಿಗೆ ಕೇಬಲ್ ಹಾಕಿ ಡಿಎಫ್‌ಯು ಎಂಬ ತುರ್ತು ಮೋಡ್‌ನಲ್ಲಿ ಮರುಸ್ಥಾಪಿಸಬೇಕಾಗುತ್ತದೆ. ಇನ್ನೊಂದು, ಇಲ್ಲಿನ ಕರ್ನಲ್ 4 ಕೆಬಿಯ ಬದಲು 16 ಕೆಬಿಯ ಮೆಮೊರಿ ಪುಟಗಳನ್ನು (ಮೆಮೊರಿಯನ್ನು ಹಂಚುವ ತುಂಡುಗಳು) ಬಳಸುತ್ತದೆ. ಸಿಪಿಯುಗೆ 4 ಕೆಬಿಯೂ ಒಗ್ಗುತ್ತದೆ, ಆದರೆ ಸಾಧನಗಳಿಗೆ ಮೆಮೊರಿ ಹಂಚಿಕೊಡುವ ಡಾರ್ಟ್ ಎಂಬ ಘಟಕಕ್ಕೆ ಒಗ್ಗುವುದು 16 ಮಾತ್ರ. ಈ ಚಿಪ್‌ನ ವರ್ಗವಾದ ಆರ್ಮ್‌ಗೆಂದೇ ಕಂಪೈಲ್ ಮಾಡಿದ ಪ್ರೋಗ್ರಾಮೊಂದು ತೆರೆದ ಕೂಡಲೇ ಮುಚ್ಚಿಕೊಂಡರೆ, ಅದು 4 ಕೆಬಿ ಪುಟವನ್ನೇ ನಂಬಿ ಕಟ್ಟಿದ್ದೇ ಎಂದು ಮೊದಲು ನೋಡಿಕೊಳ್ಳಿ.