‘ಓದಿದ ಕಾಲೇಜು’ ಬೇರೆ, ‘ಓದಿದ ಪುಸ್ತಕ’ ಬೇರೆ

ಉಡುಪಿಯ ನಮ್ಮ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಬರುವ ಹುಡುಗಿಯೊಬ್ಬಳು ಮೊನ್ನೆ ಕೆಲಸದ ಅರ್ಜಿ ತೋರಿಸಿದಳು. ‘ದಿ ಕಾಲೇಜ್ ವಿಚ್ ಐ ಸ್ಟಡೀಡ್’ ಅಂತ ಬರೆದಿದ್ದಳು. ನಾನು ‘ವಿಚ್’ ಹೊಡೆದು ‘ವೇರ್’ ಬರೆದೆ. “ಮೇಡಂ, ‘ದಿ ಬುಕ್ ವಿಚ್ ಐ ರೆಡ್’ ಸರಿ ಅಂದಿದ್ರಿ. ಎರಡೂ ಓದಿದ್ದೇ ಅಲ್ವಾ?” ಅಂತ ಕೇಳಿದಳು.

ತುಂಬಾ ಒಳ್ಳೆಯ ಪ್ರಶ್ನೆ. ಗೊಂದಲ ಹುಟ್ಟುವುದೇ ಇಲ್ಲಿ. ಕನ್ನಡದಲ್ಲಿ ಓದಿದ ಕಾಲೇಜು, ಓದಿದ ಪುಸ್ತಕ, ಓದಿದ ಹುಡುಗಿ ಅಂತೇವೆ. ಒಂದೇ ‘ಓದಿದ’ ಮೂರಕ್ಕೂ ಸಾಕು. ಕಾಲೇಜಿನಲ್ಲಿ ಓದಿದ್ದಾ, ಪುಸ್ತಕವನ್ನು ಓದಿದ್ದಾ, ಹುಡುಗಿಯೇ ಓದಿದ್ದಾ ಅಂತ ಕೇಳುವವರಿಗೆ ತಾನಾಗಿ ಗೊತ್ತಾಗುತ್ತದೆ. ತುಳುವಿನಲ್ಲೂ ಹೀಗೇ. ಇಂಗ್ಲಿಷಿಗೆ ಅದನ್ನು ಬಿಡಿಸಿ ಹೇಳಲೇಬೇಕು.

ಅದಕ್ಕೆ ನಾನು ಮಕ್ಕಳಿಗೆ ವಾಕ್ಯ ಒಡೆಯಲು ಹೇಳುತ್ತೇನೆ. ‘ಅಲ್ಲಿ ಓದಿದೆ’ ಅಂತ ಬಂದರೆ ವೇರ್. ‘ಅದನ್ನು ಓದಿದೆ’ ಅಂದರೆ ವಿಚ್ ಅಥವಾ ದಟ್. ‘ಅವಳು ಓದಿದಳು’ ಅಂದರೆ ಹೂ, ‘ಅವಳ ಪುಸ್ತಕ’ ಅಂದರೆ ಹೂಸ್, ‘ಆಗ’ ಬಂದರೆ ವೆನ್.

ಒಂದು ಕಡೆ ಮಾತ್ರ ಈ ಉಪಾಯ ಕೈಕೊಡುತ್ತದೆ. ಮಲ್ಪೆ ಬೀಚಿನ ಬಗ್ಗೆ ಬರೆಯಿರಿ ಅಂದರೆ ಅರ್ಧ ಕ್ಲಾಸು ‘ದಿ ಬೀಚ್ ವೇರ್ ವಿ ವಿಸಿಟೆಡ್’ ಅಂತ ಬರೆಯುತ್ತದೆ. ನಾವು ‘ಅಲ್ಲಿಗೆ ಹೋದೆವು’ ಅನ್ನುತ್ತೇವಲ್ಲ, ಅದಕ್ಕೆ. ಆದರೆ ಇಂಗ್ಲಿಷಿನಲ್ಲಿ ‘ವಿಸಿಟೆಡ್ ಮಲ್ಪೆ’ ಅಂತ ನೇರವಾಗಿ ಹೇಳುತ್ತಾರೆ, ನಡುವೆ ‘ಟು’ ಇಲ್ಲ, ‘ಇನ್’ ಇಲ್ಲ, ಹಾಗಾಗಿ ‘ದಿ ಬೀಚ್ ವಿಚ್ ವಿ ವಿಸಿಟೆಡ್’ ಅನ್ನಬೇಕು. ಅದೇ ಬೀಚಿನಲ್ಲಿ ಆಡಿದ್ದಾದರೆ ‘ದಿ ಬೀಚ್ ವೇರ್ ವಿ ಪ್ಲೇಡ್’. ಊರಿನ ಹೆಸರು ಕಂಡ ಕೂಡಲೇ ವೇರ್ ಹಾಕಬೇಡಿ, ಮುಂದಿನ ಕ್ರಿಯಾಪದ ನೋಡಿ.

‘ದಿ ಮೊಬೈಲ್ ವಿಚ್ ಐ ಬಾಟ್ ಇಟ್’ ಅನ್ನುವುದೂ ಜಾಸ್ತಿ ಕೇಳಿಬರುತ್ತದೆ. ಆ ‘ಇಟ್’ ಬೇಡ, ಅದರ ಕೆಲಸವನ್ನು ವಿಚ್ ಆಗಲೇ ಮಾಡಿದೆ. ‘ದಿ ವೇ ಹೌ’ ಕೂಡ ಬೇಡ, ಎರಡರಲ್ಲಿ ಒಂದು ಸಾಕು.

ಇನ್ನು ಕಾಮಾ. ನಮ್ಮ ಕಡೆ ಮನೆಗೊಬ್ಬರಾದರೂ ಮುಂಬೈಯಲ್ಲಿ ಇರುತ್ತಾರೆ, ಅದನ್ನೇ ತಗೊಳ್ಳಿ. ‘ಮೈ ಬ್ರದರ್, ಹೂ ಲಿವ್ಸ್ ಇನ್ ಮುಂಬೈ, ಈಸ್ ಕಮಿಂಗ್’ ಅಂದರೆ ಇರುವುದು ಒಬ್ಬನೇ ಅಣ್ಣ, ಮುಂಬೈ ಅನ್ನುವುದು ಸುಮ್ನೆ ಸೇರಿಸಿದ ಮಾಹಿತಿ. ಕಾಮಾ ತೆಗೆದರೆ ಇನ್ನೊಬ್ಬ ಅಣ್ಣ ಊರಲ್ಲೋ ದುಬೈಯಲ್ಲೋ ಇದ್ದಾನೆ, ಬರುತ್ತಿರುವವನು ಮುಂಬೈಯವನು ಅಂತ ಓದುವವರು ತಿಳಿಯುತ್ತಾರೆ. ಹೀಗೆ ಕಾಮಾ ಹಾಕಿದ ಕಡೆ ‘ದಟ್’ ಬಳಸುವಂತಿಲ್ಲ, ಹೂ ಅಥವಾ ವಿಚ್ ಬರೆಯಿರಿ.