ಪದ ಪರಿಚಯ: ಭೂದೃಶ್ಯ

ಕಲಾ ಪ್ರದರ್ಶನಗಳ ಗೋಡೆಬರಹಗಳಲ್ಲಿ ‘ಭೂದೃಶ್ಯ’ ಎಂಬ ಪದ ಮತ್ತೆ ಮತ್ತೆ ಎದುರಾಗುತ್ತದೆ. ಬೆಟ್ಟ, ಹೊಳೆ, ಬಯಲುಗಳ ಚಿತ್ರ ಎಂದುಕೊಂಡು ಮುಂದೆ ಹೋಗುತ್ತೇವೆ. ತಪ್ಪೇನಿಲ್ಲ. ಆದರೆ ಪದವನ್ನು ಬಿಡಿಸಿ ನೋಡಿ: ಭೂಮಿಯ ಜೊತೆಗೆ ಅಲ್ಲಿ ‘ದೃಶ್ಯ’ವೂ ಇದೆ. ದೃಶ್ಯ ಎಂದ ಮೇಲೆ ನೋಡುವವರು ಇರಲೇಬೇಕು, ಅವರಿಗೆ ನಿಲ್ಲಲು ಒಂದು ಜಾಗವೂ ಬೇಕು, ಅದೂ ತುಸು ದೂರದಲ್ಲಿ. ಕೆಸರಲ್ಲಿ ಬಗ್ಗಿ ನಾಟಿ ಮಾಡುವವಳಿಗೆ ಅದು ಗದ್ದೆ. ದಿಬ್ಬದ ಮೇಲೆ ನಿಂತು ನೋಡುವವನಿಗೆ ಭೂದೃಶ್ಯ.

ಇಂಗ್ಲಿಷಿನ ‘ಲ್ಯಾಂಡ್‌ಸ್ಕೇಪ್’ಗೆ ಕನ್ನಡ ಕಟ್ಟಿಕೊಂಡ ಪದ ಇದು. ಇಂಗ್ಲಿಷಿಗೂ ಅದು ಸ್ವಂತದ್ದಲ್ಲ, ಡಚ್ಚರಿಂದ ಕಡ ತಂದದ್ದು. ಡಚ್ ಭಾಷೆಯಲ್ಲಿ ಅದಕ್ಕೆ ಮೊದಲಿಗೆ ಪ್ರದೇಶ, ಸೀಮೆ ಎಂಬ ಅರ್ಥವಿತ್ತು. 16ನೇ ಶತಮಾನದ ಕೊನೆಗೆ ಇಂಗ್ಲಿಷಿಗೆ ದಾಟಿದಾಗ ಬಂದದ್ದು ಚಿತ್ರಗಾರರ ಪದವಾಗಿ: ನೆಲವನ್ನು ಬರೆದ ಚಿತ್ರ. ಕಣ್ಣೆದುರಿನ ನಿಜವಾದ ನೆಲಕ್ಕೆ ಆ ಹೆಸರು ಅಂಟಿದ್ದು ಆಮೇಲೆ. ಅಂದರೆ ಇಂಗ್ಲಿಷಿನಲ್ಲಿ ನೆಲವೇ ಚಿತ್ರದ ಹೆಸರು ಹೊತ್ತುಕೊಂಡಿತು. ಊರೊಂದನ್ನು ‘ಚಿತ್ರ ಬರೆದ ಹಾಗಿದೆ’ ಎಂದು ಹೊಗಳುವಾಗ ನಾವು ಮಾಡುವುದೂ ಇದನ್ನೇ.

18ನೇ ಶತಮಾನದ ಇಂಗ್ಲೆಂಡಿನಲ್ಲಿ ಈ ನೋಟ ಪ್ರವಾಸಿಗರಿಗೆ ಗೀಳೇ ಆಯಿತು. ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ ವೈ ನದಿಯ ಪ್ರವಾಸದ ಬಗ್ಗೆ 1782ರಲ್ಲಿ ಬರೆಯುತ್ತಾ, ಟಿಂಟರ್ನ್‌ನ ಪಾಳುಮಠದ ತ್ರಿಕೋನಾಕಾರದ ಗೋಡೆತುದಿಗಳು ಚಿತ್ರಕ್ಕೆ ಒಗ್ಗುವುದಿಲ್ಲ, ಹದವರಿತು ಸುತ್ತಿಗೆ ಆಡಿಸಿದರೆ ಸರಿಹೋದೀತು ಎಂದ! ಪ್ರವಾಸಿಗರ ಕೈಯಲ್ಲಿ ‘ಕ್ಲಾಡ್ ಗ್ಲಾಸ್’ ಎಂಬ ಉಬ್ಬು ಮೈಯ, ಕಪ್ಪು ಛಾಯೆಯ ಪುಟ್ಟ ಕನ್ನಡಿ ಇರುತ್ತಿತ್ತು. ಬೆಟ್ಟಕ್ಕೆ ಬೆನ್ನು ಹಾಕಿ, ಕನ್ನಡಿಯೊಳಗೆ ಬೆಟ್ಟವನ್ನು ನೋಡಬೇಕು. ಆಗ ಬಣ್ಣಗಳು ಮಾಗಿ, ಎಲ್ಲವೂ ಚೌಕಟ್ಟಿನೊಳಗೆ ಕೂತು, ಹಳೆಯ ತೈಲಚಿತ್ರದಂತೆ ಕಾಣುತ್ತಿತ್ತು. ಕವಿ ಥಾಮಸ್ ಗ್ರೇ 1769ರಲ್ಲಿ ಇಂಗ್ಲೆಂಡಿನ ಸರೋವರಗಳ ಸೀಮೆಯಲ್ಲಿ (ಲೇಕ್ ಡಿಸ್ಟ್ರಿಕ್ಟ್) ಈ ಕನ್ನಡಿ ಹಿಡಿದೇ ಕೆಸರುದಾರಿಯಲ್ಲಿ ಅಂಗಾತ ಬಿದ್ದು ಬೆರಳ ಗೆಣ್ಣು ತರಚಿಕೊಂಡ. ಬೆಟ್ಟಕ್ಕೆ ಬೆನ್ನು ತಿರುಗಿಸಿ ಫೋನಿನಲ್ಲಿ ಬೆಟ್ಟ ನೋಡುವವರನ್ನು ಬೈಯುವ ಮೊದಲು ಇದು ಗೊತ್ತಿರಲಿ. ಎಲ್ಲಿ ನಿಂತರೆ ನೋಟ ಚೆನ್ನ ಎಂದು ಗುರುತು ಮಾಡಿಕೊಡುವ ಕೈಪಿಡಿ ಆ ಸೀಮೆಗೆ 1778ರಲ್ಲೇ ಬಂದಿತ್ತು. ಇಂದಿನ ‘ವ್ಯೂ ಪಾಯಿಂಟ್’ ಫಲಕಗಳ ಪೂರ್ವಜ ಅದು.

ಇತ್ತೀಚಿನ ಪ್ರದರ್ಶನಗಳು ಕೆದಕುವುದು ಈ ನಿಲ್ಲುವ ಜಾಗವನ್ನೇ. ನೋಡುತ್ತಿರುವುದು ಯಾರು? ನೋಡಿಸಿಕೊಳ್ಳುತ್ತಿರುವವರನ್ನು ಯಾರಾದರೂ ಕೇಳಿದರೇ?

ನನಗೆ ತುಂಬ ಹಿಡಿಸಿದ ಉದಾಹರಣೆ ಜಪಾನಿನದು. ನೀಗಾತಾ ಪ್ರಾಂತ್ಯದ ಎಚಿಗೊ-ತ್ಸುಮಾರಿಯಲ್ಲಿ 2000ದಲ್ಲಿ ಫ್ರಾಮ್ ಕಿತಾಗಾವಾ ಅವರ ನಿರ್ದೇಶನದಲ್ಲಿ ಒಂದು ಕಲೋತ್ಸವ ಶುರುವಾಯಿತು. ಯುವಕರು ನಗರ ಸೇರಿ, ಮುದುಕರು ಉಳಿದ, ಹಿಮ ಬೀಳುವ ಬೆಟ್ಟದ ಊರುಗಳು. ಸುಮಾರು 760 ಚದರ ಕಿಲೋಮೀಟರಿನ ಆ ಸೀಮೆಯೇ ಪ್ರದರ್ಶನದ ಅಂಗಳ. ಅಲ್ಲಿ ಕಲಾವಿದ ದಂಪತಿ ಇಲ್ಯಾ ಮತ್ತು ಎಮಿಲಿಯಾ ಕಬಕೋವ್ ಮೆಟ್ಟಿಲುಗದ್ದೆಗಳ ಮೇಲೆ ಬೇಸಾಯದ ಕೆಲಸಗಳಲ್ಲಿ ತೊಡಗಿರುವ ರೈತರ ಬಣ್ಣದ ಆಕೃತಿಗಳನ್ನು ನಿಲ್ಲಿಸಿದರು. ಹೊಳೆಯ ಎದುರು ದಂಡೆಯ ಕಟ್ಟೆಯಿಂದ ನೋಡಿದರೆ, ನಡುವೆ ತೂಗುಬಿಟ್ಟ ಅಕ್ಷರಗಳು ಆ ಆಕೃತಿಗಳ ಜೊತೆ ಕೂಡಿಕೊಂಡು ಬೇಸಾಯವನ್ನು ವಿವರಿಸುತ್ತವೆ. ಇಲ್ಲೂ ಇರುವುದು ವ್ಯೂ ಪಾಯಿಂಟೇ, ಆದರೆ ಅಲ್ಲಿ ನಿಂತವರಿಗೆ ಹಸಿರಿನ ಅಂದಕ್ಕಿಂತ ಮೊದಲು ಕಾಣುವುದು ದುಡಿಮೆ.

ಸಾರ್ವಜನಿಕ ಕಲೆ ಎಂದರೆ ಚೌಕದಲ್ಲಿ ನಿಲ್ಲಿಸಿದ ಪ್ರತಿಮೆ ಎಂಬ ತಿಳಿವಳಿಕೆಯೂ ಇಲ್ಲಿ ಸಡಿಲವಾಗುತ್ತದೆ. ಕ್ರಿಸ್ಟೊ ಮತ್ತು ಜಾನ್-ಕ್ಲೋಡ್ ದಂಪತಿ 1976ರಲ್ಲಿ ಕ್ಯಾಲಿಫೋರ್ನಿಯಾದ ಗುಡ್ಡಗಳ ಮೇಲೆ ಎಳೆದ ಬಿಳಿ ಬಟ್ಟೆಯ ಬೇಲಿ ಸುಮಾರು 39 ಕಿಲೋಮೀಟರ್ ಉದ್ದವಿತ್ತು, ಇದ್ದದ್ದು 14 ದಿನ. ಅದು 59 ಕುಟುಂಬಗಳ ಜಮೀನಿನ ಮೇಲೆ ಹಾಯಬೇಕಿತ್ತು. ಅದಕ್ಕಾಗಿ 18 ಸಾರ್ವಜನಿಕ ವಿಚಾರಣೆಗಳು ನಡೆದವು. ಆ ವಾದ, ಜಗಳ, ಒಪ್ಪಿಗೆಗಳೂ ಕೃತಿಯ ಭಾಗವೇ ಎಂಬುದು ಕಲಾವಿದರ ನಿಲುವು. ಬೇಲಿ ಕಳಚಿದ ಮೇಲೆ ಅದರ ಸಾಮಗ್ರಿ ಜಮೀನಿನವರಿಗೇ ಹೋಯಿತು.

ಹಾಗೆಂದು ಎಲ್ಲವೂ ಸಲೀಸಲ್ಲ. ಇದೇ ಕ್ರಿಸ್ಟೊ 2016ರಲ್ಲಿ ಇಟಲಿಯ ಇಸೆಯೊ ಸರೋವರದ ಮೇಲೆ ಹಳದಿ ಬಟ್ಟೆ ಹೊದಿಸಿದ ತೇಲುವ ದಾರಿ ಹಾಸಿದರು. 16 ದಿನಗಳಲ್ಲಿ ಸುಮಾರು 12 ಲಕ್ಷ ಜನ ಬಂದರು. ದಾರಿ ಶುರುವಾಗುವ ಸುಲ್ಜಾನೊ ಸುಮಾರು 2,000 ಜನರ ಊರು. ನೋಡಲು ಬಂದವರೇ ನೋಟವನ್ನು ಮುಚ್ಚಿಬಿಟ್ಟರು ಎನ್ನಬಹುದು. ಆದರೆ ಸರೋವರದ ನಡುವಿನ ಮೊಂಟೆ ಇಸೊಲಾ ದ್ವೀಪದವರಿಗೆ ದಡ ಸೇರಲು ಇರುವುದು ದೋಣಿಯೊಂದೇ. ಆ 16 ದಿನ ಅವರು ನಡೆದೇ ದಾಟಬಹುದಿತ್ತು. ಆಮೇಲೆ ಮತ್ತೆ ದೋಣಿ.